ಹದಿನೇಳನೆಯದು

ಗ್ರಿಮ್ಸ್‌ಬಿಯ ಲೈಬ್ರರಿ. ಬಾಗಿಲು ಹಾಕುವ ಹೊತ್ತು.
ಹೊಸ ಕಂಟ್ರೋಲರ್ ಚಾವಣಿಯ ವೈಫೈ ತಟ್ಟೆಗಳನ್ನು
ಒಂದೊಂದಾಗಿ ಕರೆಯಿತು:
ಮೆಟ್ಟಿಲ ತಲೆಯದು, ಓದುಕೋಣೆಯ ಎರಡು,
ಮೀನುದೋಣಿಗಳ ಹಳೆ ದಫ್ತರಗಳ ಮೇಲಿನದು.
ಹಳದಿ ಮಿಣುಕಿ, ನೀಲಿಗೆ ತಿರುಗಿ, ಓಗೊಟ್ಟವು.
'ಅಡಾಪ್ಟ್' ಎನ್ನುತ್ತದೆ ಪರದೆ. ದತ್ತು!
ಒಂದೇ ಸಂಜೆಗೆ ಹದಿನಾರು ಮಕ್ಕಳು.

ಹದಿನೇಳನೆಯದು ಹಟಮಾರಿ.
ಏಣಿ ಹತ್ತಿ ಧೂಳು ಒರೆಸಿದರೆ ಒಂದು ಚೀಟಿ:
"ಮುಟ್ಟಬೇಡಿ. ಕ್ಲೈವ್."

"ಕ್ಲೈವ್ ಹೋಗಿ ನಾಲ್ಕು ವರ್ಷ,"
ಏಣಿಯ ಕಾಲು ಹಿಡಿದೇ ಹೇಳಿದಳು ಡೋರೀನ್,
"ಪಾಸ್‌ವರ್ಡ್ ಯಾರಿಗೂ ಕೊಟ್ಟವನಲ್ಲ.
ಚಹಾಕ್ಕೆ ಎಷ್ಟು ಸಕ್ಕರೆ ಅಂತಲೂ ಹೇಳಿದವನಲ್ಲ."

ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ
ಎಳ್ಳಿನಷ್ಟು ತೂತಿಗೆ ಒತ್ತಿ ಹಿಡಿದೆ.
ಹತ್ತು ಎಣಿಸಬೇಕು, ಎಲ್ಲ ಮರೆಯುವ ತನಕ.
ಒಂದು, ಎರಡು...
ಎಣಿಕೆ ನನಗೆ ಕನ್ನಡದಲ್ಲೇ ಬರುವುದು.
ಆರಕ್ಕೆ ಡೋರೀನ್: "ನೋವಾಗುತ್ತಾ ಅದಕ್ಕೆ?"
ನಗು ಬಂದು ಬೆರಳು ಜಾರಿತು.
ಮತ್ತೆ ಒಂದರಿಂದ.

ದೀಪ ಆರಿತು.
ಹೊರಗೆ ಕಡಲಹಕ್ಕಿಗಳ ಜಗಳ.
ಆಮೇಲೆ ಹಳದಿ, ಹೆಸರಿಲ್ಲದ್ದು;
ಆಮೇಲೆ ನೀಲಿ.

ಚೀಟಿ ಕೈಗೆ ಬಂದಿತ್ತು, ಗೋಂದು ಒಣಗಿ.
ಎಲ್ಲಿಡಲೆಂದು ಕೆಳಗೆ ನೋಡಿದೆ.
ಡೋರೀನ್ ಮಾತಾಡಲಿಲ್ಲ,
ಟೇಪಿನ ತುಂಡೊಂದು ಕತ್ತರಿಸಿ
ಮೇಲಕ್ಕೆ ಚಾಚಿದಳು.