ಸೊನ್ನೆ ಬರಬೇಕು

ಸಂಜೆ ಐದೂವರೆಗೆ ಫೋನು: ಸೀಲೈನಿನ ಮರಳಲ್ಲಿ
ಒಂದು ಹಳೇ ಕ್ಯಾರವಾನ್ ಕಣ್ಣು ಮುಚ್ಚುತ್ತಿದೆಯಂತೆ.
"ಮಾಫಿ ಕಹರಬಾ" ಎಂದಳು ಮುದುಕಿ ಉಮ್ಮು ಮುಬಾರಕ್.
ಬ್ಯಾಟರಿ ಹೊಸದು, ಹಾಕಿಸಿ ಎಂಟೇ ದಿನ ಎಂದಳು.
ಮಾರಿದವನಿಗೆ ಒಂದು ಶಾಪವನ್ನೂ ಹಾಕಿದಳು.

ಮರಳು ಶುರುವಾಗುವಲ್ಲಿ ಟಯರಿನ ಗಾಳಿ ಇಳಿಸಿ
ಲೋಕಬಹದ್ದೂರನೂ ನಾನೂ ತಲುಪಿದಾಗ ಕತ್ತಲು.
ಒಳಗೆ ಬಲ್ಬು ಉರಿಯುತ್ತಿದೆ, ಸುಳ್ಳು ಯಾಕೆ ಹೇಳಲಿ.
ನಲ್ಲಿ ತಿರುಗಿಸಿದರೆ ಮಾತ್ರ, ಪಂಪು ಗೊರ್ ಎಂದೊಡನೆ
ಸಾಲ ಕೇಳಲು ಬಂದವನ ಕಂಡ ನೆಂಟನ ಮುಖದಂತೆ
ಇಡೀ ಗಾಡಿ ಮಂಕಾಗುತ್ತದೆ.
ಫ್ರಿಜ್ಜಿನಲ್ಲಿ, ಮಗನ ಡೇಗೆಗೆಂದು ಇಟ್ಟ
ಗೌಜಲಕ್ಕಿಗಳು ಬೆವರುತ್ತಿವೆ.

ನನಗಿಂತ ಮೊದಲು ಬಂದವನು
ಫ್ಯೂಸೆಲ್ಲ ಬದಲಿಸಿದ್ದಾನೆ: ನೀಲಿ ಹದಿನೈದು, ಹಳದಿ ಇಪ್ಪತ್ತು.
ಪಂಪು ಬದಲಿಸಿದ್ದಾನೆ. ಮುದುಕಿಯ ಅದೃಷ್ಟ,
ಚಕ್ರ ಬದಲಿಸಿರಲಿಲ್ಲ.

ಬ್ಯಾಟರಿಯ ತುದಿಯಲ್ಲಿ ಮೀಟರಿಟ್ಟೆ. ಹನ್ನೆರಡೂ ಮುಕ್ಕಾಲು.
ಪಂಪಿನ ಬಾಯಲ್ಲಿಟ್ಟೆ. ಒಂಬತ್ತೂವರೆ.
ಉಳಿದ ಮೂರು ದಾರಿಯಲ್ಲಿ ಯಾರು ತಿಂದರು?
ಕೆಂಪು ತಂತಿಯ ಜಾಡು ಹಿಡಿದೆ. ಅದು ಸತ್ಯವಂತ.
ಆಗ ಕಪ್ಪಿನ ಕಡೆ ತಿರುಗಿದೆ.
ಎಲ್ಲರೂ ಕರೆಂಟು ಹೋಗುವ ದಾರಿ ನೋಡುತ್ತಾರೆ,
ಬರುವ ದಾರಿ ನೋಡುವವರು ಕಡಿಮೆ.

ಗಂಗೊಳ್ಳಿಯ ಬಂದರಿನಲ್ಲಿ ವೈರಿಂಗು ಕಲಿತವ ನಾನು.
ಅಲ್ಲಿ ದೋಣಿಗೆ ಅರ್ತ್ ಎಂದರೆ ಇಡೀ ಕಡಲು.
ಇಲ್ಲಿ ಗಾಡಿ ರಬ್ಬರಿನ ಮೇಲೆ ನಿಂತಿದೆ,
ಕೆಳಗೆ ಇಷ್ಟು ಮರಳಿದ್ದರೂ ಅದಕ್ಕೆ ನೆಲ ಸಿಗುವುದಿಲ್ಲ.
ತನ್ನ ಅಡಿಯ ಕಬ್ಬಿಣವನ್ನೇ ನೆಲ ಎಂದು ನಂಬಿ
ಹೇಗೋ ಸಂಸಾರ ಮಾಡುತ್ತದೆ.

ಬೆನ್ನಡಿ ಮರಳು, ಹಲ್ಲಲ್ಲಿ ಟಾರ್ಚು.
ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಕಪ್ಪಿಗೆ, ಇನ್ನೊಂದು ಚಾಸಿಗೆ.
"ಪಂಪು ಹಾಕೋ ಬಹದ್ದೂರ್!"
ಸೊನ್ನೆ ಬರಬೇಕಿತ್ತು. ಬಂದದ್ದು ಮೂರು.
(ಕೊಗ್ಗ ಮಾಸ್ತರರು ನನ್ನ ಸ್ಲೇಟಿನ ತುಂಬ ಸೊನ್ನೆ ಬರೆದರು.
ಸೊನ್ನೆ ಕಂಡರೆ ಹಿಗ್ಗುವ ಕಸುಬು
ಆ ಹುಡುಗನಿಗೆ ಬೇರೆಲ್ಲಿ ಸಿಗಬೇಕು?)

ಅಲ್ಲೇ ಇತ್ತು: ಒಂದು ಬೋಲ್ಟು, ಬೆರಳುಗುರಿನಷ್ಟು.
ಉಪ್ಪುಗಾಳಿ ತಿಂದು ತಿಂದು ಕಿಲುಬು ಹಿಡಿದು,
ಪೂಜೆಯಿಲ್ಲದ ಮನೆಯ ತಾಮ್ರದ ತಂಬಿಗೆಯ ಹಸಿರು.
ಪಾಲಿಷ್ ಕಾಗದ ಅಂಗಡಿಯಲ್ಲೇ ಉಳಿದಿತ್ತು.
ಹುಣಸೆಹಣ್ಣು ಇದೆಯಾ ಎಂದು ಕೈಸನ್ನೆ, ಹುಳಿ ಮುಖ ಮಾಡಿ ಕೇಳಿದೆ.
ಮುದುಕಿ ನಕ್ಕು ಎರಡು ನಿಂಬೆ ತಂದಳು,
ಜೊತೆಗೆ ಅಡುಗೆಯ ಸೋಡಾಪುಡಿ,
ತನ್ನದೇ ಹಳೇ ಹಲ್ಲುಜ್ಜುವ ಬ್ರಶ್ಶು.
ಉಜ್ಜಿದೆ. ನೀರು ಹೊಯ್ದೆ. ಬಹದ್ದೂರ ತನ್ನ ಬನಿಯನ್ನಿನಿಂದ ಒರೆಸಿದ.
ಬೋಲ್ಟು ಬಿಗಿದು ಗ್ರೀಸು ಬಳಿದು
ಮತ್ತೆ ಕಡ್ಡಿ ಇಟ್ಟೆ.

ಸೊನ್ನೆ, ಚುಕ್ಕಿ, ಸೊನ್ನೆ ನಾಲ್ಕು.
ಇರಲಿ, ಅಷ್ಟು ಎಲ್ಲರ ಮನೆಯಲ್ಲೂ ಸೋರುತ್ತದೆ.

ಮಗ ದೋಹಾದಿಂದ ಫೋನು ಮಾಡಿ ಚೌಕಾಸಿಗಿಳಿದ:
ಒಂದು ಬೋಲ್ಟಿಗೆ ನೂರಿಪ್ಪತ್ತು ರಿಯಾಲೇ?
ಮುದುಕಿ ಫೋನು ಕಿತ್ತುಕೊಂಡು ಅವನಿಗೇನೋ ಅಂದಳು,
ಅರಬಿ ಬಾರದ ಬಹದ್ದೂರನೂ ತಲೆ ತಗ್ಗಿಸಿದ.
ನಲ್ಲಿ ತಿರುಗಿಸಿ, ಬಲ್ಬನ್ನೇ ನೋಡುತ್ತ,
ನೀರು ಸುಮ್ಮನೆ ಹರಿಯಬಿಟ್ಟಳು ಸ್ವಲ್ಪ ಹೊತ್ತು.

ವಕ್ರಾ ಸಿಗ್ನಲ್ಲಿನಲ್ಲಿ ಜೇಬು ತಡವಿದೆ.
ಹತ್ತನೇ ನಂಬರಿನ ಸ್ಪ್ಯಾನರು ಇಲ್ಲ.
ಈ ವರ್ಷ ಇದು ನಾಲ್ಕನೆಯದು.