ಬಲಗಿವಿಯ ಕಡೆಯ ಎಂಜಿನ್

ಡೆನ್ಜಿಲ್ ಅಂಕಲ್ ಅದನ್ನು ದಿಂಬಿನ ಕವರಿನಲ್ಲಿ ಸುತ್ತಿ ತಂದರು,
ಕೂಸನ್ನು ಡಾಕ್ಟರಿಗೆ ತೋರಿಸಲು ಎತ್ತಿಕೊಂಡು ಬಂದ ಹಾಗೆ.
ಜೆ.ಸಿ. ರಸ್ತೆಯ ಹಿಂದಿನ ಗಲ್ಲಿ. ಮಧ್ಯಾಹ್ನ. ಕರೆಂಟಿಲ್ಲ.
ನನ್ನ ಲೇತು ಸುಮ್ಮನಿತ್ತು. ದಸ್ತಗೀರ್ ಸಾಬರು ಬೆಂಚಿನ ಮೇಲೆ
ನಿನ್ನೆಯ ಪೇಪರು ಹಾಸಿದರು. ಬಿಚ್ಚಿದ್ದೇ ತಡ,
ಹರಳೆಣ್ಣೆಯ ಕಮಟು.
ಐವತ್ತು ವರ್ಷದ ಹಿಂದೆ ಸುಟ್ಟದ್ದು, ಇನ್ನೂ ಹೋಗಿಲ್ಲ.

ನೂರು ಸಿಸಿ, ಟೂ ಸ್ಟ್ರೋಕು. ಕ್ಲಚ್ಚಿಲ್ಲ, ಗೇರಿಲ್ಲ.
ತಳ್ಳಿಕೊಂಡು ಓಡಿ ಹಾರಿ ಕೂರಬೇಕಿತ್ತಂತೆ ಕಾರ್ಟಿನೊಳಗೆ,
ಯಲಹಂಕದಾಚೆ ಯಾವುದೋ ಪಾಳು ರನ್‌ವೇ ಮೇಲೆ,
ಹಳೇ ಟೈರುಗಳ ನಡುವೆ, ಭಾನುವಾರದ ಪ್ರಾರ್ಥನೆ ತಪ್ಪಿಸಿ.
ಕುಂಡೆಗೂ ನೆಲಕ್ಕೂ ಎರಡೇ ಅಂಗುಲ.
ಬಲ ಮೊಳಕೈ ಪಕ್ಕ ಇದು, ಬಾಯಿ ಬಿಟ್ಟುಕೊಂಡು.
ಬಲಗಿವಿ ಹೋದದ್ದು ಆಗಲೇ.
ಚಿಲ್ಲರೆ ಕಳೆದವರ ಹಾಗೆ ಹೇಳಿದರು ಅದನ್ನು.

"ಈಗ ಏನಾಗಬೇಕು?" ಸಾಬರು ಕೇಳಿದರು, ಎಡಗಿವಿಗೆ.
"ಗರಗಸ. ನಾಲ್ಕಡಿ ಬಾರಿನದ್ದು. ಮರ ಕೊಯ್ಯೋಕೆ.
ಶೋಕೇಸಲ್ಲಿ ಸಾಯೋದು ಬೇಡ ಇದು."
ಸಾಬರು ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಂಡು
ಅದರ ಹೊಟ್ಟೆ ತಿರುವಿ ನೋಡಿ, ನಗು ನಿಲ್ಲಿಸಿದರು.
ಯಾರೋ ಮುಚ್ಚಿದ ನಾಲ್ಕು ತೂತು, ಉಜ್ಜಿ ಹಾಕಿದ ವೆಲ್ಡಿಂಗಿನ ಕಲೆ:
ಹಿಡಿ ಕೂರುತ್ತಿದ್ದ ಜಾಗ.
"ಅರೆ, ಇದು ಹುಟ್ಟಿದ್ದೇ ಗರಗಸವಾಗಿ!
ಚಕ್ರ ಕಟ್ಟಿದ್ದು ನಿಮ್ಮಂಥ ಹುಡುಗರು."
ಅಂಕಲ್ ಸ್ಟೂಲಿನ ಮೇಲೆ ಕೂತುಬಿಟ್ಟರು,
ಐವತ್ತು ವರ್ಷ ಸಂಸಾರ ಮಾಡಿದವಳ ತವರು ಯಾವುದೆಂದು
ಬೇರೆಯವರ ಬಾಯಲ್ಲಿ ಕೇಳಿದ ಹಾಗೆ.

ತವರಿಗೆ ಕಳಿಸುವುದೂ ಸುಲಭವಲ್ಲ.
ಅದಕ್ಕೆ ಕೂರಿಸಿದ್ದದ್ದು ಸ್ಕೂಟರಿನ ಕಾರ್ಬೊರೇಟರು,
ಓರೆ ಮಾಡಿದರೆ ಪೆಟ್ರೋಲು ಕಕ್ಕುತ್ತದೆ;
ಗರಗಸವೋ ತಲೆಕೆಳಗಾಗಿಯೂ ಉಸಿರಾಡಬೇಕು.
ಗುಜರಿಯಲ್ಲಿ ಮೂರು ದಿನ ಹುಡುಕಿ
ತೆಳು ಪೊರೆಯದ್ದೊಂದು ತಂದೆ, ಎಂಟುನೂರು ಕೊಟ್ಟು.
ರೇಸಿಗೆಂದು ಕಿಂಡಿಗಳನ್ನು ಎತ್ತರಕ್ಕೆ ಉಜ್ಜಿದ್ದರು:
ಮೇಲೆ ಹೋದರೆ ಆರ್ಭಟ, ಕೆಳಗೆ ಕಸುವೇ ಇಲ್ಲ,
ನಮ್ಮ ವಾರ್ಡಿನವರ ಹಾಗೆ.
ಸಿಲಿಂಡರಿನ ಬುಡ ಲೇತಿಗೆ ಕಟ್ಟಿ ಒಂದು ಮಿಲಿಮೀಟರ್ ತೆಗೆದೆ,
ಹೆಡ್ಡನ್ನೂ ಅಷ್ಟೇ ಕೊರೆದೆ,
ಪ್ಲಗ್ಗಿನ ತೂತಿನಲ್ಲಿ ಸೀಸದ ತಂತಿ ಇಳಿಸಿ, ಒಂದು ಸುತ್ತು ತಿರುಗಿಸಿ,
ಚಪ್ಪಟೆಯಾದ ತುದಿ ಅಳೆದೆ. ಮತ್ತೆ ಅಳೆದೆ.
ಮೊದಲ ಕ್ಲಚ್ಚು ಹತ್ತು ಸೆಕೆಂಡಿಗೆ ಸಿಡಿದು
ಗೋಡೆಯ ಕ್ಯಾಲೆಂಡರಿನಲ್ಲಿ ಜುಲೈ ಹರಿಯಿತು.
ನನ್ನ ಹುಬ್ಬಿನಿಂದ ಗೇಣು ದೂರ.
"ಹೆಣ್ಣುಮಗಳು ನೀನು, ಮುಖ ಜೋಪಾನ" ಅಂದರು ಸಾಬರು.
ಗಂಡಸರ ಮುಖ ಸ್ಪೇರ್ ಸಿಗುತ್ತದೇನೋ.

ಮೇ ತಿಂಗಳ ಒಂದು ರಾತ್ರಿ ಗಾಳಿ ಬೀಸಿ
ಕುಕ್ ಟೌನಿನಲ್ಲಿ ಮಳೆಮರವೊಂದು ಅಡ್ಡ ಮಲಗಿತು,
ಎರಡು ಆಟೊ, ಒಂದು ಇಸ್ತ್ರಿ ಗಾಡಿ ಕೆಳಗೆ.
ಪಾಲಿಕೆಯವರ ಗರಗಸ ಅರ್ಧಕ್ಕೆ ಸಿಕ್ಕಿ ಮುಕ್ಕರಿಯುತ್ತಿತ್ತು.
ನಮ್ಮದನ್ನು ಆಟೊದಲ್ಲಿ ಒಯ್ದೆವು,
ಬಾರು ಹೊರಗೆ ಚಾಚಿಕೊಂಡು.

ಅಂಕಲ್ ಎತ್ತಿ ನೋಡಿದರು. ಎಪ್ಪತ್ತಾರರ ತೋಳು, ಆಗಲಿಲ್ಲ.
ನನ್ನ ಕೈಗೆ ಕೊಟ್ಟು, ಮಾತಿಲ್ಲದೆ
ಬೊಡ್ಡೆಯ ಆ ತುದಿಗೆ ನಡೆದು,
ಒದ್ದೆ ತೊಗಟೆಗೆ ಬಲಗಿವಿ ಆನಿಸಿ ನಿಂತರು.
ನಾನು ಹಗ್ಗ ಎಳೆದೆ. ಐದನೇ ಎಳೆತಕ್ಕೆ ಹತ್ತಿತು.
ಬೀದಿಯ ನಾಯಿಗಳೆಲ್ಲ ಗೇಟಿನೊಳಗೆ.
ಮರದ ಹಿಟ್ಟು ಮೊಣಕಾಲಿಗೆ ರಾಚುತ್ತಿತ್ತು,
ಇಸ್ತ್ರಿಯವನು ಛತ್ರಿ ಹಿಡಿದು ತನ್ನ ಗಾಡಿಯ ಕಡೆಗೇ ನೋಡುತ್ತಿದ್ದ.

ಮುಕ್ಕಾಲು ಇಳಿದಿತ್ತು ಬಾರು.
ಅಂಕಲ್ ತಟ್ಟನೆ ಕೈ ಎತ್ತಿದರು,
ಕಿವಿ ತೆಗೆಯದೆ, ಕಣ್ಣು ಬಿಡದೆ, ಕೂಗಿದರು:
"ಪೆಟ್ರೋಲು ಸಾಲದು ಅದಕ್ಕೆ! ಸ್ಕ್ರೂ ಕಾಲು ಸುತ್ತು ಬಿಚ್ಚು!"

ಬಿಚ್ಚಿದೆ.
ಸರಿಯಾಗಿತ್ತು.