ನಡಾವಳಿ

ಸಭೆ ಶುರುವಾದದ್ದು ಮೂರೂವರೆಗೆ. ಹೊರಗೆ ಆಗಲೇ ಕತ್ತಲು.
ನವೆಂಬರಿನಲ್ಲಿ ನಮ್ಮ ಸೂರ್ಯ
ಅರ್ಧ ದಿನದ ಕೂಲಿಯವನು, ಉಂಡರೆ ಹೊರಟ.
ಹಾಜರಿದ್ದವರು ನಲವತ್ತೊಂದು ಮಂದಿ,
ಬಾಗಿಲ ಬಳಿ ಒಂದು ನಾಯಿ.
ನಾಯಿಯನ್ನು ಬರೆದುಕೊಂಡಿಲ್ಲ.

ವಿಷಯ: ಬಂದೂಕಿನ ಪರವಾನಗಿಗೆ
ಹದಿನೈದು ಸಾಕೋ, ಹದಿನೆಂಟು ಬೇಕೋ.
ಹೆಲ್ಸಿಂಕಿಯಿಂದ ಕಾಗದ ಬಂದಿತ್ತು:
ಊರಿನ ಅಭಿಪ್ರಾಯ ಕಳಿಸಿ, ಒಂದು ಪುಟ ಮೀರದಿರಲಿ.
ಹದಿನೇಳು ವರ್ಷದಿಂದ ಇಲ್ಲಿ ಬರೆಯುವವಳು ನಾನೇ.
ಆಡಿದ್ದನ್ನೆಲ್ಲ ಬರೆಯುವುದಿಲ್ಲ;
ಮೀನಿನ ಮುಳ್ಳು ತೆಗೆದಂತೆ
ಸಿಟ್ಟು ತೆಗೆದು, ಉಳಿದದ್ದನ್ನು ಬಡಿಸುತ್ತೇನೆ.

ಮೊದಲು ಎದ್ದವನು ವಾಲ್ತೆರಿ, ಬೇಟೆ ಕೂಟದ ಹಿರಿಯ.
ಎಡಗಿವಿಗೆ ಕೇಳಿಸದು, ಬಲಗಿವಿ ಕೇಳಿಸಿಕೊಳ್ಳದು.
"ಒಂಬತ್ತಕ್ಕೇ ಅಪ್ಪ ನನ್ನ ಕೈಗಿಟ್ಟ.
ಗುಂಡು ಕೊಡಲಿಲ್ಲ. ಇಡೀ ಚಳಿಗಾಲ
ಖಾಲಿ ಬಂದೂಕು ಹೊತ್ತು
ಹಿಮದಲ್ಲಿ ಅವನ ಹೆಜ್ಜೆಯ ಗುಂಡಿಗೇ ನನ್ನ ಹೆಜ್ಜೆ ಹಾಕಿ ನಡೆದೆ.
ಹದಿನೆಂಟರವರೆಗೆ ಕಾಯಿಸಿದ ಹುಡುಗರು
ಕಾಡಿಗೆ ಬರುವುದಿಲ್ಲ, ಬಸ್ಸು ಹತ್ತುತ್ತಾರೆ.
ಆಮೇಲೆ ಎಲ್ಕ್ ಜಿಂಕೆಗೆ ನೀವೇ ಕಾಗದ ಬರೆಯಿರಿ,
ರಸ್ತೆಗೆ ಬರಬೇಡ ಅಂತ."

ನರ್ಸ್ ರೌನಿ ಮೆಲ್ಲಗೆ ಹೇಳಿದಳು:
ಹದಿನೈದರ ತಲೆಯಲ್ಲಿ ಎಂಜಿನ್ನು ಬಂದಿರುತ್ತದೆ,
ಬ್ರೇಕು ಇನ್ನೂ ದಾರಿಯಲ್ಲಿರುತ್ತದೆ.
ಒಂದು ಕೆಟ್ಟ ರಾತ್ರಿ ಕಳೆದರೆ ಬದುಕುವ ಮಕ್ಕಳಿದ್ದಾರೆ,
ಆ ರಾತ್ರಿ ಕೈಗೆ ಏನು ಸಿಗುತ್ತದೆ ಎನ್ನುವುದಷ್ಟೇ ಪ್ರಶ್ನೆ.
ಹಿಂದಿನ ಸಾಲಿನ ಹೆಂಗಸೊಬ್ಬಳು
"ಬ್ರೇಕಿಗೆ ಕಾಯುವುದಾದರೆ ನನ್ನ ಗಂಡನ ಬಂದೂಕೂ ತಗೊಂಡು ಹೋಗಿ" ಅಂದಳು.
'ನಗು' ಎಂದು ಬರೆದೆ. ಆಮೇಲೆ ಹೊಡೆದುಹಾಕಿದೆ.
ರೌನಿ ನಕ್ಕಿರಲಿಲ್ಲ.

ಕಾಫಿ ಬಂತು, ಏಲಕ್ಕಿ ಬ್ರೆಡ್ಡು ಬಂತು.
ಬಾಯಿ ತುಂಬಿದ್ದರಿಂದ ಸ್ವಲ್ಪ ಹೊತ್ತು ಎಲ್ಲರೂ ಒಮ್ಮತದಲ್ಲಿದ್ದರು.

ಆಗ ಎದ್ದವಳು ಪಿಹ್ಲಾ. ಹಾಜರಿ ಹಾಳೆಯ ವಯಸ್ಸಿನ ಮನೆಯಲ್ಲಿ
'ಹದಿನಾಲ್ಕು ವರ್ಷ, ಹನ್ನೊಂದು ತಿಂಗಳು' ಅಂತ ಇಕ್ಕಟ್ಟಿಗೆ ತುರುಕಿದ್ದಳು.
"ಹೋದ ಅಕ್ಟೋಬರ್, ಅಪ್ಪ ಪಕ್ಕದಲ್ಲೇ ಇದ್ದ.
ಎಲ್ಕ್ ಅಡ್ಡ ನಿಂತಿತು. ಬೇಕಾದಷ್ಟು ಹೊತ್ತು.
ಅದರ ಹಿಂದಿನ ಪೊದೆ ಅಲುಗಿತು, ಗಾಳಿ ಇರಲಿಲ್ಲ.
ನಾನು ಬೆರಳು ತೆಗೆದೆ.
'ಹೊಡಿ' ಅಂದ ಅಪ್ಪ. ಎರಡು ಸಲ ಅಂದ."
ಅವಳಪ್ಪ ತನ್ನ ಲೋಟದ ತಳ ನೋಡುತ್ತಿದ್ದ.
"ಪೊದೆಯಿಂದ ಬಂದದ್ದು ನಮ್ಮ ನಾಯಿ. ಅಲ್ಲಿದೆಯಲ್ಲ, ಅದೇ."
ಎಲ್ಲರೂ ತಿರುಗಿದರು.
ನಾಯಿ ತನ್ನ ಕಾಲಿನ ಹಿಮ ನೆಕ್ಕುತ್ತಿತ್ತು.

ಇನ್ನು ಮುಂದಿನದು ನಡಾವಳಿಯಲ್ಲಿಲ್ಲ:
ನಮ್ಮ ಮನೆಯ ಬಂದೂಕಿನ ಕಪಾಟಿಗೆ ಬೀಗವಿತ್ತು,
ಬೀಗದ ಕೈ ಕಾಫಿ ಡಬ್ಬಿಯಲ್ಲಿ,
ಅಲ್ಲಿದೆ ಎಂಬುದು ಬೆಕ್ಕಿಗೂ ಗೊತ್ತಿತ್ತು.
ನನಗೆ ಹನ್ನೆರಡು. ಮುಟ್ಟಬಾರದು ಅಂದಿದ್ದರು, ಮುಟ್ಟಲಿಲ್ಲ.
ಅಣ್ಣ ಓಸ್ಮೊಗೆ ಮೂವತ್ತೊಂದು.
ಅವನ ಪರವಾನಗಿಯಲ್ಲಿ ಸಹಿ, ಮೊಹರು, ಬಾಚಿದ ತಲೆಯ ಫೋಟೋ
ಎಲ್ಲ ಸರಿಯಾಗಿತ್ತು. ಯಾವ ಕಾನೂನಿನ ಯಾವ ಗೆರೆಗೂ
ಅವನು ಕಮ್ಮಿ ಬೀಳುತ್ತಿರಲಿಲ್ಲ.
ಹಿಮ ಕರಗಿ ಸೂರು ತೊಟ್ಟಿಕ್ಕುವ ವಾರ
ಅಮ್ಮ ಬೆಳಗಿನ ಕಾಫಿಗೆ ಡಬ್ಬಿ ತೆರೆದಳು.
ಚಮಚ ಆಡಿಸಿದಳು. ಇನ್ನೊಮ್ಮೆ ಆಡಿಸಿದಳು.

ಹದಿನೈದು ಅಂದವರಿಗೆ ನಾನೇನು ಹೇಳಲಿ?
ಹದಿನೆಂಟು ಅಂದವರಿಗೆ?
ಕೈ ಎತ್ತಿಸಿದರು. ಹತ್ತೊಂಬತ್ತು, ಹತ್ತೊಂಬತ್ತು.
ಇಬ್ಬರು ಎತ್ತಲಿಲ್ಲ; ಒಬ್ಬಳು ಪೆನ್ನು ಹಿಡಿದಿದ್ದಳು,
ಇನ್ನೊಬ್ಬಳಿಗೆ ಮತವಿರಲಿಲ್ಲ.
ಮಿಕ್ಕೊಬ್ಬ ನಿದ್ದೆ ಹೋಗಿದ್ದ.
'ಒಮ್ಮತವಿಲ್ಲ. ಮುಂದೂಡಲಾಗಿದೆ.'

ಲೋಟ ತೊಳೆದು ಬರುವಾಗ
ಹೀಟರಿನ ಮೇಲೆ ಒಣಹಾಕಿದ್ದ ಕೈಗವಸು ತೆಗೆಯುತ್ತ ಪಿಹ್ಲಾ
"ನಾನು ಹೇಳಿದ್ದು ಬರೆದಿರಾ?" ಅಂದಳು.
ತೋರಿಸಿದೆ: 'ಬಾಲಕಿಯೊಬ್ಬಳು ತನ್ನ ಅನುಭವ ಹಂಚಿಕೊಂಡಳು.'
ಓದಿದಳು. ಪೆನ್ನು ಕೇಳಿ ಇಸಿದುಕೊಂಡು
'ಬಾಲಕಿಯೊಬ್ಬಳು' ಅನ್ನುವುದನ್ನು ಹೊಡೆದುಹಾಕಿ
ಮೇಲೆ ತನ್ನ ಹೆಸರು ಬರೆದಳು,
ಕೆಳಗೆ, ಜಾಗವಿಲ್ಲದ ಕಡೆ, ನಾಯಿಯದು.